ಮನೆಯ ಆರೋಗ್ಯ ಸಾಧನಗಳು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ?

ಕಳೆದ ರಮಝಾನ್‌ನ ಎರಡನೇ ವಾರ. ಮನ್ನಳ್ಳಿಯ ನಮ್ಮ ಮನೆಯಲ್ಲಿ ಅಸ್ರ್ ನಮಾಝ್ ಮುಗಿದಿತ್ತು. ಅಮ್ಮಿ ಗೋಡೆಗೆ ಒರಗಿ ಕುಳಿತಿದ್ದರು. ಹಣೆಯ ಮೇಲೆ ಬೆವರು, ಕೈಯಲ್ಲಿ ಸಣ್ಣ ನಡುಕ. "ಏನಾಗ್ಯಾದ ಅಮ್ಮಿ?" ಎಂದರೆ "ಏನಿಲ್ಲ ಬೇಟಾ, ರೋಝಾ ಅದಲ್ಲ, ಹಂಗೇ" ಎಂದರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು. ಕಪಾಟಿನಲ್ಲಿದ್ದ ಶುಗರ್ ಮಶೀನ್ ತಂದು ಬೆರಳು ಚುಚ್ಚಿ ನೋಡಿದೆವು. 186 ಎಂದು ತೋರಿಸಿತು. ಶುಗರ್ ಕಡಿಮೆಯಾಗಿಲ್ಲ, ಇಫ್ತಾರ್‌ವರೆಗೆ ತಡೆಯಬಹುದು ಎಂದು ಎಲ್ಲರೂ ಸಮಾಧಾನಪಟ್ಟುಕೊಂಡೆವು. ಹತ್ತು ನಿಮಿಷದಲ್ಲಿ ಅವರ ಮಾತು ತಡವರಿಸತೊಡಗಿತು. ಪಕ್ಕದ ಮನೆಯ ಖಾಲಾ ಬಂದು ಮುಖ ನೋಡಿದವರೇ, "ಮಶೀನ್ ಸುಡ್ಲಿ, ಮೊದ್ಲ ಬೆಲ್ಲದ ನೀರ ಕುಡಸ್ರಿ" ಎಂದು ತಾವೇ ಒಳಗೆ ಹೋಗಿ ಮಾಡಿಕೊಂಡು ಬಂದರು. ಆಮೇಲೆ ಆಸ್ಪತ್ರೆಯಲ್ಲಿ ನೋಡಿದಾಗ, ಬೆಲ್ಲದ ನೀರು ಕುಡಿದ ನಂತರವೂ, 64 ಇತ್ತು.

ನಮ್ಮ ಮಶೀನ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ಪಟ್ಟಿಗಳು. ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿದವೆಂದು ತಂದಿದ್ದೆವು. ಡಬ್ಬಿಯ ಮೇಲಿನ ತಾರೀಖು ಮುಗಿದು ಐದು ತಿಂಗಳಾಗಿತ್ತು. ಸಾಲದ್ದಕ್ಕೆ ಅದರ ಮುಚ್ಚಳ ಸರಿಯಾಗಿ ಮುಚ್ಚದೆ ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಇಟ್ಟಿದ್ದೆವು. ಮುನ್ನೂರು ರೂಪಾಯಿ ಉಳಿಸಿದ್ದೇವೆ ಎಂದುಕೊಂಡಿದ್ದೆವು. ಅಲ್ಲಾಹನ ಕೃಪೆ, ಅಮ್ಮಿ ಉಳಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಆರೋಗ್ಯಕ್ಕೆಂದು ಯಾವ ವಸ್ತು ಕೊಳ್ಳುವಾಗಲೂ ಒಂದು ಪ್ರಶ್ನೆ ಮೊದಲು ಬರುತ್ತದೆ: ಇದು ತಪ್ಪು ಹೇಳಿದರೆ ಏನಾಗುತ್ತದೆ? ಉಗುರು ಕತ್ತರಿ ಮೊಂಡಾದರೆ ಇನ್ನೊಂದು ತಂದರಾಯಿತು. ಅಳತೆ ಮಾಡುವ ಸಾಧನ ಸುಳ್ಳು ಹೇಳಿದರೆ ಆ ಸುಳ್ಳನ್ನು ನಂಬಿ ನಾವು ಗುಳಿಗೆ ನುಂಗುತ್ತೇವೆ, ಅಥವಾ ನುಂಗದೆ ಬಿಡುತ್ತೇವೆ. ಕುರ್‌ಆನಿನ 83ನೇ ಅಧ್ಯಾಯ ಅಲ್‌ಮುತಫ್ಫಿಫೀನ್ ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಎಷ್ಟು ಕಠಿಣವಾಗಿ ಮಾತನಾಡುತ್ತದೆ ಎಂಬುದು ನಮಗೆಲ್ಲ ಗೊತ್ತು. ಸಂತೆಯ ತಕ್ಕಡಿಯನ್ನು ನಾವು ಕಣ್ಣಿಟ್ಟು ನೋಡುತ್ತೇವೆ. ಮನೆಯೊಳಗಿನ ತಕ್ಕಡಿಯನ್ನು ನೋಡುವುದಿಲ್ಲ.

ಶುಗರ್ ಮಶೀನ್: ಬೆಲೆ ಇರುವುದು ಪಟ್ಟಿಯಲ್ಲಿ

ಗ್ಲೂಕೋಮೀಟರ್ ಕೊಳ್ಳಲು ಹೋದವರು ಮಶೀನಿನ ಬೆಲೆ ಕೇಳುತ್ತಾರೆ. ಕೇಳಬೇಕಾದದ್ದು ಪಟ್ಟಿಯ ಬೆಲೆ. ಮಶೀನನ್ನು ಕಂಪನಿಗಳು ಸುಮಾರು 500ರಿಂದ 1,000 ರೂಪಾಯಿಯೊಳಗೆ, ಕೆಲವೊಮ್ಮೆ ಪಟ್ಟಿಯ ಜೊತೆ ಉಚಿತವಾಗಿಯೂ ಕೊಡುತ್ತವೆ. ಒಂದು ಕಂಪನಿಯ ಮಶೀನಿಗೆ ಇನ್ನೊಂದರ ಪಟ್ಟಿ ಹಾಕಲು ಬರುವುದಿಲ್ಲವಾದ್ದರಿಂದ ವರ್ಷಗಟ್ಟಲೆ ಅವರದೇ ಪಟ್ಟಿ ಕೊಳ್ಳಬೇಕು. ಲೆಕ್ಕ ಹಾಕಿ ನೋಡಿ: ವಾರಕ್ಕೆ ನಾಲ್ಕು ಸಲ ಪರೀಕ್ಷೆ ಮಾಡಿದರೆ ವರ್ಷಕ್ಕೆ ಸುಮಾರು 200 ಪಟ್ಟಿ. ಪಟ್ಟಿಯೊಂದಕ್ಕೆ 12 ರೂಪಾಯಿಯಾದರೆ 2,400. 25 ರೂಪಾಯಿಯಾದರೆ 5,000. ಮಶೀನಿನಲ್ಲಿ 200 ರೂಪಾಯಿ ಉಳಿಸಿದವರು ಇಲ್ಲಿ ಸಾವಿರಗಟ್ಟಲೆ ಕಳೆದುಕೊಳ್ಳುತ್ತಾರೆ. ಆಮೇಲೆ, ಪಟ್ಟಿ ತುಟ್ಟಿಯೆಂದು ಪರೀಕ್ಷೆ ಮಾಡುವುದನ್ನೇ ಬಿಡುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆಗುವುದು ಇದೇ.

ಆದ್ದರಿಂದ ಮೊದಲು ಮೂರು ಔಷಧಿ ಅಂಗಡಿಗಳಲ್ಲಿ ವಿಚಾರಿಸಿ: ಯಾವ ಮಶೀನಿನ ಪಟ್ಟಿ ಸದಾ ಇಟ್ಟಿರುತ್ತೀರಿ? ಮೂರೂ ಕಡೆ ಸಿಗುವ ಪಟ್ಟಿ ಯಾವುದೋ ಆ ಮಶೀನ್ ಕೊಳ್ಳಿ. ಹಳ್ಳಿಯಲ್ಲಿರುವ ನಮಗೆ ಇದು ಇನ್ನೂ ಮುಖ್ಯ. ಪಟ್ಟಿಗಾಗಿ ಪ್ರತಿ ಸಲ ಬಸ್ಸು ಹತ್ತಿ ಬೀದರ್‌ಗೆ ಹೋಗಬೇಕೆಂದರೆ ಯಾರೂ ಹೋಗುವುದಿಲ್ಲ. ಜನೌಷಧಿ ಕೇಂದ್ರಗಳಲ್ಲೂ ಕಡಿಮೆ ಬೆಲೆಯ ಮಶೀನ್ ಮತ್ತು ಪಟ್ಟಿ ಬರುತ್ತವೆ. ಇದೆಯೇ ಎಂದು ಕೇಳಿ ನೋಡಿ.

ಮನೆಯ ಮಶೀನ್ ಲ್ಯಾಬಿನಷ್ಟು ನಿಖರವಲ್ಲ. ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೊಂದಿದೆ, ಐಎಸ್‌ಒ 15197 ಎಂದು ಅದರ ಹೆಸರು. ಅದರ ಪ್ರಕಾರ ನೂರಕ್ಕೆ ತೊಂಬತ್ತೈದು ಸಲ, ಸಕ್ಕರೆ 100ಕ್ಕಿಂತ ಕಡಿಮೆ ಇರುವಾಗ 15 ಅಂಕದೊಳಗೆ, 100 ಮತ್ತು ಅದಕ್ಕಿಂತ ಹೆಚ್ಚಿರುವಾಗ ಶೇಕಡಾ 15ರೊಳಗೆ ವ್ಯತ್ಯಾಸ ಇರಬಹುದು. ಅಂದರೆ ಲ್ಯಾಬಿನಲ್ಲಿ 200 ಬಂದಾಗ ಮನೆಯಲ್ಲಿ 175 ಅಥವಾ 225 ಬಂದರೆ ಮಶೀನ್ ಕೆಟ್ಟಿದೆ ಎಂದಲ್ಲ. 290 ಬಂದರೆ ಏನೋ ಎಡವಟ್ಟಾಗಿದೆ. ಪೆಟ್ಟಿಗೆಯ ಮೇಲೆ ಈ ಮಾನದಂಡದ ಸಂಖ್ಯೆ ಇದೆಯೇ ನೋಡಿಕೊಳ್ಳಿ. ಆರು ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ರಕ್ತ ಕೊಡುವಾಗ ಮಶೀನನ್ನೂ ಜೊತೆಗೆ ಒಯ್ದು, ಅದೇ ಹೊತ್ತಿಗೆ ಬೆರಳು ಚುಚ್ಚಿ ಬರೆದಿಟ್ಟುಕೊಂಡು, ವರದಿ ಬಂದಾಗ ಹೋಲಿಸಿ. ಖರ್ಚಿಲ್ಲದ ಪರೀಕ್ಷೆ.

ಪಟ್ಟಿಯ ಡಬ್ಬಿಯ ಒಳಗೆ ತೇವ ಹೀರುವ ವಸ್ತು ಇರುತ್ತದೆ. ಡಬ್ಬಿ ತೆರೆದು ಪಟ್ಟಿ ತೆಗೆದ ತಕ್ಷಣ ಮುಚ್ಚಳ ಒತ್ತಿ ಮುಚ್ಚಬೇಕು. ಪಟ್ಟಿಗಳನ್ನು ಬೇರೆ ಡಬ್ಬಿಗೆ ಹಾಕಬಾರದು, ಬಿಡಿಯಾಗಿ ಐದೋ ಹತ್ತೋ ಕೊಳ್ಳಬಾರದು. ಫ್ರಿಜ್‌ನಲ್ಲಿ ಬೇಡ, ಒಲೆಯ ಹತ್ತಿರವೂ ಬೇಡ. ಹಲವು ಕಂಪನಿಗಳ ಪಟ್ಟಿ ಡಬ್ಬಿ ತೆರೆದ ಮೇಲೆ ಇಷ್ಟು ತಿಂಗಳು ಮಾತ್ರ ಎಂಬ ಮಿತಿ ಇರುತ್ತದೆ; ಅದನ್ನು ಓದಿ, ತೆರೆದ ದಿನವನ್ನು ಪೆನ್ನಿನಿಂದ ಡಬ್ಬಿಯ ಮೇಲೆಯೇ ಬರೆಯಿರಿ. ಬೆರಳನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿ ಚುಚ್ಚಿ. ಖರ್ಜೂರ ಅಥವಾ ಹಣ್ಣು ಮುಟ್ಟಿದ ಬೆರಳಲ್ಲಿ ಇಲ್ಲದ ಸಕ್ಕರೆ ಕಾಣಿಸುತ್ತದೆ.

ಹೊರದೇಶದಿಂದ ಬರುವ ಮಶೀನಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಅನೇಕ ಮನೆಗಳ ಮಕ್ಕಳು ಹೊರಗೆ ದುಡಿಯುತ್ತಾರೆ, ಪ್ರೀತಿಯಿಂದ ಮಶೀನ್ ತಂದುಕೊಡುತ್ತಾರೆ. ಮೊದಲನೆಯದಾಗಿ, ಅದರ ಪಟ್ಟಿ ಇಲ್ಲಿ ಸಿಗದೇ ಇರಬಹುದು. ಎರಡನೆಯದು ಇನ್ನೂ ಅಪಾಯದ್ದು: ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಸಕ್ಕರೆಯನ್ನು ಮಿಲಿಮೋಲ್ ಎಂಬ ಬೇರೆ ಅಳತೆಯಲ್ಲಿ ಬರೆಯುತ್ತಾರೆ. ಆ ಮಶೀನ್ 11 ಎಂದು ತೋರಿಸಿದರೆ ಅದನ್ನು 18ರಿಂದ ಗುಣಿಸಬೇಕು. ನಮ್ಮ ಲೆಕ್ಕದಲ್ಲಿ ಅದು 198. ಇದು ತಿಳಿಯದೆ "ಬರೀ 11 ಅದ" ಎಂದು ಸಕ್ಕರೆ ತಿನ್ನಿಸಿದರೆ?

ಉಪವಾಸದ ದಿನಗಳಲ್ಲಿ ಬೆರಳು ಚುಚ್ಚಿದರೆ ರೋಝಾ ಮುರಿಯುತ್ತದೆ ಎಂಬ ಭಯ ನಮ್ಮ ಹಿರಿಯರಲ್ಲಿ ಬಹಳ. ಪರೀಕ್ಷೆಗಾಗಿ ಒಂದು ಹನಿ ರಕ್ತ ತೆಗೆಯುವುದರಿಂದ ಉಪವಾಸ ಕೆಡುವುದಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮನಸ್ಸಿಗೆ ಸಮಾಧಾನವಾಗದಿದ್ದರೆ ನಿಮ್ಮ ಮಸೀದಿಯ ಇಮಾಮ್ ಸಾಹೇಬರನ್ನೇ ರಮಝಾನ್‌ಗೆ ಮೊದಲು ಕೇಳಿಟ್ಟುಕೊಳ್ಳಿ. ವೈದ್ಯರು ಹೇಳುವ ಗಡಿ ಸ್ಪಷ್ಟವಾಗಿದೆ: ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸವನ್ನು ಆಗಲೇ ಬಿಡಬೇಕು, ಇಫ್ತಾರ್‌ಗೆ ಹತ್ತೇ ನಿಮಿಷ ಇದ್ದರೂ ಸರಿ. ಅಂಕಿ ಸರಿಯಿದ್ದು ಬೆವರು, ನಡುಕ, ತಡವರಿಸುವ ಮಾತು ಕಂಡರೂ ಬಿಡಬೇಕು. ನಮ್ಮ ಮನೆಯಲ್ಲಿ ಆದದ್ದು ಅದೇ ಅಲ್ಲವೇ? ಕಾಯಿಲೆಯವರು ಬೇರೆ ದಿನಗಳಲ್ಲಿ ಎಣಿಕೆ ತುಂಬಿಸಿಕೊಳ್ಳಲು ಅಲ್‌ಬಕರಾ ಅಧ್ಯಾಯದಲ್ಲಿಯೇ ಅನುಮತಿ ಇದೆ. ಸಕ್ಕರೆ ಕಡಿಮೆಯಾದಾಗ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಉಸಿರುನಾಳಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ.

ಬಿಪಿ ಮಶೀನ್: ತೋಳಿನದು, ಮಣಿಕಟ್ಟಿನದಲ್ಲ

ಮಣಿಕಟ್ಟಿಗೆ ಕಟ್ಟುವ ಬಿಪಿ ಮಶೀನ್ ಚಿಕ್ಕದು, ಚೆಂದದ್ದು, ಕಡಿಮೆ ಬೆಲೆಯದು. ಬುರ್ಖಾದ ತೋಳು ಮೇಲೆತ್ತುವ ತಾಪತ್ರಯವೂ ಇಲ್ಲ ಎಂದು ಹೆಂಗಸರು ಇಷ್ಟಪಡುತ್ತಾರೆ. ಆದರೆ ಕೈ ಹೃದಯದ ಮಟ್ಟದಿಂದ ಒಂದು ಗೇಣಿನ ಅರ್ಧದಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್ ಕೆಳಗಿದ್ದರೂ ಅಂಕಿ 7–8ರಷ್ಟು ಏರಿ ಬಿಡುತ್ತದೆ. ಮೇಲಿದ್ದರೆ ಅಷ್ಟೇ ಇಳಿಯುತ್ತದೆ. ತೊಡೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುವವರೇ ಹೆಚ್ಚು. ಆದ್ದರಿಂದ ಮೇಲ್ತೋಳಿಗೆ ಕಟ್ಟುವ ಮಶೀನ್ ಕೊಳ್ಳಿ. ಹೆಸರಿರುವ ಕಂಪನಿಯದು ಸುಮಾರು 1,500ರಿಂದ 2,500 ರೂಪಾಯಿಗೆ ಬರುತ್ತದೆ. ನೆನಪಿನ ಸೌಲಭ್ಯ, ಬ್ಲೂಟೂತ್, ಮಾತನಾಡುವ ಮಶೀನ್, ಇವಕ್ಕೆಲ್ಲ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಒಂದು ನೋಟುಬುಕ್ಕು ಸಾಕು. ಹಾಂ, ಕಣ್ಣು ಸರಿಯಾಗಿ ಕಾಣದ ಒಂಟಿ ಹಿರಿಯರಿಗೆ ಮಾತನಾಡುವ ಮಶೀನ್ ಉಪಯೋಗಕ್ಕೆ ಬರುತ್ತದೆ, ಅದು ಬೇರೆ.

ಹೆಚ್ಚು ಹಣ ಕೊಡಬೇಕಾದದ್ದು ಪಟ್ಟಿಗೆ. ತೋಳಿಗೆ ಸುತ್ತುವ ಬಟ್ಟೆಪಟ್ಟಿಯನ್ನು ಹೇಳುತ್ತಿದ್ದೇನೆ. ಪೆಟ್ಟಿಗೆಯೊಂದಿಗೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಟೇಲರ್ ಬಳಸುವ ಟೇಪು ತಂದು ಭುಜ ಮತ್ತು ಮೊಣಕೈ ನಡುವೆ ಅಳೆದು ನೋಡಿ. ನಮ್ಮ ಮನೆಗಳಲ್ಲಿ ಐವತ್ತು ದಾಟಿದ ಅನೇಕ ಹೆಂಗಸರ ತೋಳು 34, 35 ಇರುತ್ತದೆ. ಅಂಥವರಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದೆಯೂ ಬಿಪಿ ಇದೆ ಎಂದು ತೋರಿಸುತ್ತದೆ, ಇರುವವರಿಗೆ ಇನ್ನೂ ಹೆಚ್ಚು ತೋರಿಸುತ್ತದೆ. ಗುಳಿಗೆ ಹೆಚ್ಚಾಗುತ್ತದೆ, ನಮಾಝಿನಲ್ಲಿ ಸುಜೂದ್‌ನಿಂದ ಏಳುವಾಗ ತಲೆ ಸುತ್ತುತ್ತದೆ. ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ. ಆ ಮಶೀನಿಗೆ ದೊಡ್ಡ ಪಟ್ಟಿ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ನೋಡುವ ಕ್ರಮ ತಪ್ಪಿದರೆ ಒಳ್ಳೆಯ ಮಶೀನೂ ವ್ಯರ್ಥ. ಚಹಾ ಕುಡಿದು ಅರ್ಧ ತಾಸಾದರೂ ಆಗಿರಬೇಕು. ಮೂತ್ರ ಕಟ್ಟಿಕೊಂಡು ನೋಡಬಾರದು. ಕುರ್ಚಿಗೆ ಬೆನ್ನು ಆನಿಸಿ, ಕಾಲನ್ನು ಅಡ್ಡ ಹಾಕದೆ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂರಬೇಕು. ಸುಮ್ಮನೆ ಅಂದರೆ ಮಾತಿಲ್ಲದೆ. ನಮ್ಮಲ್ಲಿ ಇದೇ ಕಷ್ಟ. ಕೈಯನ್ನು ಮೇಜಿನ ಮೇಲೋ ದಿಂಬಿನ ಮೇಲೋ ಎದೆಯ ಮಟ್ಟಕ್ಕೆ ಇಡಬೇಕು. ಬಿಗಿಯಾದ ತೋಳನ್ನು ಸುತ್ತಿ ಮೇಲೆತ್ತಿದರೆ ಅದೇ ಹಗ್ಗದಂತೆ ಬಿಗಿಯುತ್ತದೆ, ಸಡಿಲ ತೋಳಿನ ಕುರ್ತಾ ಹಾಕಿಕೊಳ್ಳಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆಯಿರಿ. ಫಜ್ರ್ ಆದ ಮೇಲೆ ಗುಳಿಗೆಗೆ ಮೊದಲು ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ, ಹೀಗೆ ಏಳು ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ 135/85ಕ್ಕಿಂತ ಮೇಲಿದ್ದರೆ ವೈದ್ಯರಿಗೆ ತೋರಿಸಿ. ಒಂದೇ ಒಂದು ಅಂಕಿ ನೋಡಿ ಗಾಬರಿಯಾಗಿ ಹತ್ತು ಸಲ ಕಟ್ಟಿ ನೋಡುವುದರಿಂದ ಅದು ಏರುತ್ತಲೇ ಹೋಗುತ್ತದೆ. ಆದರೆ 180/120 ದಾಟಿ ಎದೆನೋವು, ಒಂದು ಕಡೆಯ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು ಕಂಡರೆ ಮಶೀನ್ ಬಿಟ್ಟು 108ಕ್ಕೆ ಫೋನ್ ಮಾಡಿ.

ಬೆರಳನ್ನು ಮೊಬೈಲ್ ಕ್ಯಾಮೆರಾದ ಮೇಲಿಟ್ಟರೆ ಬಿಪಿ ಹೇಳುತ್ತೇನೆನ್ನುವ ಆ್ಯಪ್, ಸಾವಿರ ರೂಪಾಯಿಯ ಕೈಗಡಿಯಾರ, ಇವುಗಳನ್ನು ನಂಬಿ ಯಾರೂ ಗುಳಿಗೆ ಬದಲಾಯಿಸಬೇಡಿ.

ಎರಡು ಸಾವಿರ ಎಲ್ಲರ ಕೈಯಲ್ಲೂ ಇರುವುದಿಲ್ಲ. ನಾಲ್ಕು ಮನೆಯವರು ಸೇರಿ ಒಂದು ಒಳ್ಳೆಯ ಬಿಪಿ ಮಶೀನ್ ತಂದರೆ ತಲೆಗೆ 500 ಬೀಳುತ್ತದೆ. ಇದನ್ನು ಹಂಚಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಜಮಾಅತ್ ಕಮಿಟಿಯವರು ಮಸೀದಿಯ ಕೋಣೆಯಲ್ಲಿ ಎರಡೂ ಅಳತೆಯ ಪಟ್ಟಿಗಳೊಂದಿಗೆ ಒಂದು ಇಟ್ಟರಂತೂ ಇಡೀ ಮೊಹಲ್ಲಾಕ್ಕೆ ಆಯಿತು. ಹೆಂಗಸರಿಗೆ ಯಾರಾದರೂ ಆಪಾ ಮನೆಯಲ್ಲಿ ಇನ್ನೊಂದು. ಶುಗರ್ ಮಶೀನನ್ನು ಹೀಗೆ ಹಂಚಿಕೊಳ್ಳುವಾಗ ಮಾತ್ರ ಬಹಳ ಎಚ್ಚರ ಬೇಕು. ಚುಚ್ಚುವ ಸೂಜಿ ಪ್ರತಿಯೊಬ್ಬರಿಗೂ ಹೊಸದು, ಸೂಜಿ ಹಾಕುವ ಪೆನ್ನು ಕೂಡ ಅವರವರದೇ ಇರಬೇಕು. ಸ್ಪಿರಿಟಿನಲ್ಲಿ ಒರೆಸಿದರೆ ಸಾಲದು. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ಹತ್ತು ರೂಪಾಯಿಯ ಒಂದು ಒಳ್ಳೆಯ ಸಾಧನ

ಮಕ್ಕಳಿರುವ ಮನೆಗೆ ನಾನು ಹೇಳುವ ಮೊದಲ ಸಾಧನ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್. ಐದೋ ಹತ್ತೋ ರೂಪಾಯಿ. ಅಡುಗೆಮನೆಯ ಚಮಚಗಳನ್ನು ನೀರು ತುಂಬಿಸಿ ಸಿರಿಂಜಿನಿಂದ ಅಳೆದು ನೋಡಿ: ಒಂದು ಚಮಚ 3 ಎಂಎಲ್ ಹಿಡಿದರೆ ಇನ್ನೊಂದು 7 ಹಿಡಿಯುತ್ತದೆ. ಜ್ವರದ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲೂ ಒಂದೇ ಬಗೆಯಿಲ್ಲ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಬಾಟಲಿ ಬೇರೆ, 250 ಇರುವ ಬಾಟಲಿ ಬೇರೆ. ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಹಳೆಯ ಬಾಟಲಿ ಮುಗಿದು ಹೊಸ ಬಲದ ಬಾಟಲಿ ಬಂದಾಗ "ಯಾವಾಗ್ಲೂ ಒಂದು ಚಮಚ ಕೊಡ್ತೀವಿ" ಎಂದು ಕೊಟ್ಟರೆ ಮಗುವಿಗೆ ಎರಡು ಪಟ್ಟು ಔಷಧ ಹೋಗುತ್ತದೆ. ಮಗುವಿನ ತೂಕ ಹೇಳಿ, ಎಷ್ಟು ಎಂಎಲ್ ಎಂದು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಸಿರಿಂಜನ್ನು ಕೆನ್ನೆಯ ಒಳಬದಿಗೆ ಇಟ್ಟು ನಿಧಾನವಾಗಿ ಒತ್ತಿ, ಗಂಟಲಿಗೆ ನೇರವಾಗಿ ಅಲ್ಲ.

ಇದರ ಜೊತೆಗೆ ಒಂದು ಲೀಟರಿನ ಗುರುತಿರುವ ಬಾಟಲಿ ಎತ್ತಿಡಿ. ಭೇದಿಯಾದಾಗ ದೊಡ್ಡ ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ. ಒಂದು ಲೋಟ ನೀರಿಗೆ ಅರ್ಧ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕೇ ಆಗುತ್ತದೆ. ಓಆರ್‌ಎಸ್ ಮತ್ತು 14 ದಿನ ಕೊಡುವ ಝಿಂಕ್ ಗುಳಿಗೆ ಎರಡೂ ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತ.

ಥರ್ಮಾಮೀಟರ್ ಡಿಜಿಟಲ್ ಇರಲಿ, ನೂರೈವತ್ತು ಇನ್ನೂರಕ್ಕೆ ಬರುವುದು ಸಾಕು. ಪಾದರಸದ ಹಳೆಯದು ಮನೆಯಲ್ಲಿದ್ದರೆ ಮಕ್ಕಳ ಕೈಗೆ ಕೊಡಬೇಡಿ. ಒಡೆದರೆ ಪಾದರಸದ ಆವಿ ವಿಷ. ಹಣೆಗೆ ಹಿಡಿಯುವ ಪಿಸ್ತೂಲಿನಂಥದ್ದು ಬಿಸಿಲಿನಿಂದ ಒಳಗೆ ಬಂದ ಮಗುವಿಗೆ ಜ್ವರವೆನ್ನುತ್ತದೆ, ಬೇಡ.

ಉಬ್ಬಸದ ಮಕ್ಕಳಿರುವ ಮನೆಯವರು ಕೇಳಬೇಕಾದ ಮಾತೊಂದಿದೆ. ನೆಬ್ಯುಲೈಸರ್ ಮಶೀನಿಗೆ ಎರಡು ಸಾವಿರ ಕೊಡುವ ಮೊದಲು ವೈದ್ಯರ ಹತ್ತಿರ ಸ್ಪೇಸರ್ ಬಗ್ಗೆ ವಿಚಾರಿಸಿ. ಅದು ಇನ್‌ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಕೆಲವು ನೂರು ರೂಪಾಯಿ ಮಾತ್ರ. ಸಾಧಾರಣ ಉಬ್ಬಸಕ್ಕೆ ಮಶೀನಿನಷ್ಟೇ ಕೆಲಸ ಮಾಡುತ್ತದೆ, ಕರೆಂಟೂ ಬೇಡ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಿದ್ದದ್ದೇ. ಸಾಬೂನು ನೀರಿನಲ್ಲಿ ತೊಳೆದು ಒರೆಸದೆ ಹಾಗೆಯೇ ಒಣಗಲು ಬಿಡಬೇಕು, ಅಷ್ಟೇ ಅದರ ಸೇವೆ.

2021ರಲ್ಲಿ ಎಲ್ಲರೂ ಕೊಂಡ ಬೆರಳಿನ ಆಕ್ಸಿಮೀಟರ್ ಈಗ ಬಹುತೇಕ ಮನೆಗಳಲ್ಲಿ ಸೆಲ್ ಸೋರಿ ಹಾಳಾಗಿದೆ. ಶ್ವಾಸಕೋಶದ ಕಾಯಿಲೆಯವರಿಲ್ಲದ ಮನೆಗೆ ಹೊಸದು ಬೇಡ. ಇರುವವರು ನೆನಪಿಡಿ: ತಣ್ಣನೆಯ ಬೆರಳು, ಕಡು ಕಪ್ಪು ಮೆಹಂದಿ, ನೇಲ್ ಪಾಲಿಶ್ ಇದ್ದರೆ ಅದು ತಪ್ಪು ಹೇಳಬಹುದು. ಬಣ್ಣವಿಲ್ಲದ ಬೆರಳು ಆರಿಸಿ.

ನೀರಿನ ಹೆಸರಲ್ಲಿ ನಡೆಯುವ ಆಟ

ಮನೆ ಬಾಗಿಲಿಗೆ ಬಂದು ಫಿಲ್ಟರ್ ಮಾರುವವರು ಒಂದು ಆಟ ತೋರಿಸುತ್ತಾರೆ. ನಿಮ್ಮ ನೀರನ್ನು ಗ್ಲಾಸಿಗೆ ಹಾಕಿ, ಕರೆಂಟಿಗೆ ಸಿಕ್ಕಿಸಿದ ಎರಡು ಕಡ್ಡಿಗಳನ್ನು ಅದರಲ್ಲಿ ಅದ್ದುತ್ತಾರೆ. ನೋಡುನೋಡುತ್ತಲೇ ನೀರು ಕಂದು ಬಣ್ಣಕ್ಕೆ ತಿರುಗಿ ಕೊಳೆ ಮೇಲೆ ತೇಲುತ್ತದೆ. ಅವರ ಫಿಲ್ಟರಿನ ನೀರು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಹೆಂಗಸರು ಬೆಚ್ಚಿಬಿದ್ದು ಕಂತಿನಲ್ಲಿ ಹನ್ನೆರಡು ಸಾವಿರದ ಯಂತ್ರ ಕೊಳ್ಳುತ್ತಾರೆ. ಆ ಕೊಳೆ ನಿಮ್ಮ ನೀರಿನದಲ್ಲ, ಕಡ್ಡಿಯ ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿದು ಕಡ್ಡಿ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟು ಹರಿಯುವುದಿಲ್ಲ. ಅವರ ಶುದ್ಧ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕಡ್ಡಿ ಅದ್ದಲು ಹೇಳಿ, ಅದೂ ಕಂದಾಗುತ್ತದೆ. ಅಲ್ಲಿಗೆ ಅವರು ಸಾಮಾನು ಕಟ್ಟುತ್ತಾರೆ.

ಟಿಡಿಎಸ್ ಪೆನ್ನು ತೋರಿಸುವ ಅಂಕಿಯೂ ಲವಣದ್ದೇ, ರೋಗಾಣುವಿನದಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ 500 ಅಪೇಕ್ಷಿತ ಮಿತಿ, ಬೇರೆ ನೀರು ಸಿಗದ ಕಡೆ 2,000ದವರೆಗೂ ಒಪ್ಪಿಗೆ ಇದೆ. 300 ಇರುವ ನೀರಿಗೆ ಆರ್‌ಓ ಬೇಕಿಲ್ಲ. ಅದು ಕೊಡುವ ನೀರಿಗಿಂತ ಚರಂಡಿಗೆ ಬಿಡುವ ನೀರೇ ಹೆಚ್ಚು. ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಲ್ಲಿಯೇ ನೀರು ಪರೀಕ್ಷಿಸುವ ಕಿಟ್‌ಗಳನ್ನು ಕೊಟ್ಟು ಮಹಿಳೆಯರಿಗೆ ತರಬೇತಿ ನೀಡಲಾಗಿದೆ. ಫ್ಲೋರೈಡ್ ಅಥವಾ ನೈಟ್ರೇಟ್ ಹೆಚ್ಚಿದೆ ಎಂದಾದರೆ ಕುದಿಸಿ ಪ್ರಯೋಜನವಿಲ್ಲ, ಆಗ ಆರ್‌ಓ ಅಥವಾ ಬೇರೆ ಬಾವಿಯ ನೀರು ಬೇಕು. ಬರೀ ರೋಗಾಣುವಿನ ತೊಂದರೆಯಾದರೆ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಮುಗಿಯಿತು.

ಕುದಿಸಿದ ನೀರು ಮತ್ತೆ ಕೆಡುವುದು ಎಲ್ಲಿ? ಕೊಡದೊಳಗೆ ಲೋಟ ಅದ್ದುವ ಕೈಯಿಂದ. ಹೀಗಾಗಿ ನನ್ನ ಮತ ಕೇಳಿದರೆ ಫಿಲ್ಟರಿಗಿಂತ ಮೊದಲು ಮುಚ್ಚಳ ಮತ್ತು ನಲ್ಲಿ ಇರುವ ಒಂದು ಸ್ಟೀಲ್ ಪಾತ್ರೆ ಕೊಳ್ಳಿ. ಅದಕ್ಕೂ ಹಣವಿಲ್ಲವಾದರೆ ಉದ್ದ ಹಿಡಿಯ ಸೌಟು. ರಾತ್ರಿ ಪಾತ್ರೆಗಳ ಬಾಯಿ ಮುಚ್ಚಲು, ನೀರಿನ ಚೀಲದ ಬಾಯಿ ಕಟ್ಟಲು ಪ್ರವಾದಿವರ್ಯರು(ಸ) ಕಲಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ನಮ್ಮ ಬೀದರ್‌ನ ನೌಬಾದ್‌ನಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿ ನೋಡಿದವರಿಗೆ ಗೊತ್ತು: ಕೆಂಪು ಕಲ್ಲಿನ ನೆಲದ ಕೆಳಗೆ, ಬಿಸಿಲು ತಾಗದಂತೆ, ನೀರನ್ನು ಇಳಿಜಾರಿನಲ್ಲೇ ಹರಿಸಿದ್ದರು. ಮೋಟಾರಿಲ್ಲ, ಯಂತ್ರವಿಲ್ಲ.

ಹಿಜಾಮದ ಸೆಟ್, ಹಜಾಮನ ಬ್ಲೇಡ್

ಇತ್ತೀಚೆಗೆ ಪ್ಲಾಸ್ಟಿಕ್ ಕಪ್ಪುಗಳು, ಪಂಪು, ಚುಚ್ಚುವ ಪೆನ್ನು ಸೇರಿಸಿ ಹಿಜಾಮದ ಸೆಟ್ 400–500 ರೂಪಾಯಿಗೆ ಬರುತ್ತಿದೆ. ಸುನ್ನತ್ ಎಂಬ ಪ್ರೀತಿಯಿಂದ ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ರಕ್ತ ತೆಗೆಯುವ ಹಿಜಾಮ ಮನೆಯ ಕೆಲಸವಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಒಮ್ಮೆ ರಕ್ತ ತುಂಬಿದ ಕಪ್ಪನ್ನು ಬಿಸಿನೀರಿನಲ್ಲಿ ತೊಳೆದರೆ ರೋಗಾಣುಗಳು ಸಾಯುತ್ತವೆಂಬ ಭರವಸೆ ಇಲ್ಲ. ಕಲಿತವರ ಹತ್ತಿರವೇ ಹೋಗಿ. ಹೋದಾಗ ಕಪ್ಪು, ಬ್ಲೇಡ್, ಕೈಗವಸು ಮೂರೂ ನಿಮ್ಮ ಕಣ್ಣೆದುರಿಗೆ ಹೊಸ ಪೊಟ್ಟಣದಿಂದ ಬರಲಿ. ಸಕ್ಕರೆ ಕಾಯಿಲೆಯವರು, ರಕ್ತಹೀನತೆಯವರು, ಹೃದಯಕ್ಕೆಂದು ರಕ್ತ ತೆಳು ಮಾಡುವ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಮಾಡಿಸಿಕೊಳ್ಳಬೇಡಿ.

ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಹಾಕಲು ಹೇಳಲು ಸಂಕೋಚವಾದರೆ ಎರಡು ಮೂರು ರೂಪಾಯಿಯ ಬ್ಲೇಡನ್ನು ನೀವೇ ಜೇಬಿನಲ್ಲಿ ಒಯ್ಯಿರಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಉಗುರು ಕತ್ತರಿ ಮನೆಗೆ ಒಂದಿದ್ದರೆ ಸಾಲದು. ಉಗುರುಸುತ್ತು, ಉಗುರಿನ ಬೂಷ್ಟು ಇದ್ದವರಿಗೆ ಬೇರೆಯೇ ಇರಲಿ. ನಲವತ್ತು ದಿನಕ್ಕಿಂತ ಹೆಚ್ಚು ಉಗುರು ಬಿಡಬಾರದೆಂಬ ಹದೀಸ್ ಇದೆಯಲ್ಲ, ಅದು ಕೊನೆಯ ಗಡುವು; ಅಡುಗೆ ಮಾಡುವ ಕೈಗೆ ವಾರಕ್ಕೊಮ್ಮೆ ಬೇಕು.

ಹೆಣ್ಣುಮಕ್ಕಳ ತಿಂಗಳ ಪ್ಯಾಡಿಗೆ ದುಡ್ಡಿಲ್ಲವೆಂದು ಹಳೆ ಬಟ್ಟೆಯನ್ನು ಕತ್ತಲಲ್ಲಿ ಒಣಗಿಸುವ ಮನೆಗಳಿವೆ. ಜನೌಷಧಿ ಕೇಂದ್ರದಲ್ಲಿ ಸುವಿಧಾ ಪ್ಯಾಡಿಗೆ 2019ರ ಆಗಸ್ಟ್‌ನಿಂದ ಒಂದು ರೂಪಾಯಿ. ತಂದೆಯರು, ಅಣ್ಣಂದಿರು ಬೀದರ್‌ಗೆ ಹೋದಾಗ ಸಂಕೋಚವಿಲ್ಲದೆ ತರಬಹುದು.

ಕೊಳ್ಳುವಾಗ

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನಡಿ ಬಂದಿವೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಲೈಸೆನ್ಸ್ ಸಂಖ್ಯೆ ಹುಡುಕಿ. ಇಲ್ಲಿ ತಯಾರಾದದ್ದಕ್ಕೆ ಎಂಎಫ್‌ಜಿ/ಎಂಡಿ ಎಂದೂ, ಹೊರಗಿನಿಂದ ತಂದದ್ದಕ್ಕೆ ಐಎಂಪಿ/ಎಂಡಿ ಎಂದೂ ಶುರುವಾಗುವ ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದಿಲ್ಲದ, ತಯಾರಕರ ವಿಳಾಸವಿಲ್ಲದ ಪೆಟ್ಟಿಗೆಯನ್ನು ಉಚಿತವಾಗಿ ಕೊಟ್ಟರೂ ಬೇಡ. ಮುದ್ರಿಸಿದ ಬೆಲೆಯೇ ಬೆಲೆ ಎಂದುಕೊಳ್ಳಬೇಡಿ. 2021ರ ಜುಲೈನಲ್ಲಿ ಸರ್ಕಾರ ಬಿಪಿ ಮಶೀನ್, ಶುಗರ್ ಮಶೀನ್, ಥರ್ಮಾಮೀಟರ್, ನೆಬ್ಯುಲೈಸರ್, ಆಕ್ಸಿಮೀಟರ್ ಈ ಐದರ ಮೇಲೆ ವ್ಯಾಪಾರಿ ಲಾಭಕ್ಕೆ ಶೇಕಡಾ 70ರ ಮಿತಿ ಹಾಕಿತು ಎಂದರೆ ಅದಕ್ಕೆ ಮೊದಲು ಎಷ್ಟಿತ್ತೋ ಊಹಿಸಿ. ಗವಾನ್ ಚೌಕ್ ಕಡೆ ಎರಡು ಮೂರು ಅಂಗಡಿ ತಿರುಗಿ ಕೇಳಿದರೆ ವ್ಯತ್ಯಾಸ ಕಾಣುತ್ತದೆ. ಬಿಲ್ಲು ತೆಗೆದುಕೊಳ್ಳಿ, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿ, ಅಂಗಡಿಯಲ್ಲೇ ಒಮ್ಮೆ ಕಟ್ಟಿ ನೋಡಿ. ಬಿಪಿ ಮಶೀನನ್ನು ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಜೊತೆಗೆ ಒಯ್ದು ಅವರ ಮಶೀನಿನೊಂದಿಗೆ ತಾಳೆ ನೋಡಿ. ವಾರಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.

ಬಳಸಿದ ಸೂಜಿಗಳನ್ನು ಕಸದ ಬುಟ್ಟಿಗೆ ಹಾಕಬೇಡಿ, ಕಸ ಎತ್ತುವವರ ಕೈಗೆ ಚುಚ್ಚುತ್ತವೆ. ಖಾಲಿಯಾದ ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯಿರಿ. ತುಂಬಿದ ಮೇಲೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಅಲ್ಲಿಗೇ ಒಪ್ಪಿಸಿ. ನಮ್ಮ ಮನೆಯ ಬಾಟಲಿ ಈಗ ಅರ್ಧ ತುಂಬಿದೆ. ಪಕ್ಕದಲ್ಲಿರುವ ಪಟ್ಟಿಯ ಡಬ್ಬಿಯ ಮೇಲೆ ತೆರೆದ ತಾರೀಖನ್ನು ಅಮ್ಮಿ ತಮ್ಮ ಕೈಯಿಂದಲೇ ಬರೆಯುತ್ತಾರೆ, ಉರ್ದುವಿನಲ್ಲಿ.